ಒಂದು ಬಡಿತ ಅಂದ್ರ ‘ಐತಿ’

ಹೋದ ವಾರ ಮನೆಯ ಹಳೆಯ ಗೇಟನ್ನು ತೆಗೆಸಿ ಹೊಸದು ಹಾಕಿಸಿದೆ. ವೆಲ್ಡಿಂಗ್ ಕೆಲಸದವನು ಹಳೆಯದನ್ನು ಕಿತ್ತು ಗೋಡೆಗೆ ಒರಗಿಸಿದ. ಅದಕ್ಕೆ ಸುತ್ತಿದ್ದ ಸರಪಳಿಯನ್ನು ಬಿಚ್ಚಿ ಕೈಯಲ್ಲಿ ತೂಗಿ ನೋಡಿದ. ಮನೆಯ ಗೇಟಿಗೆ ಅಷ್ಟು ದಪ್ಪದ ಸರಪಳಿಯನ್ನು ಯಾರೂ ಹಾಕುವುದಿಲ್ಲ. ಅದರ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕೊಕ್ಕೆ ಇದೆ. ಇನ್ನೊಂದು ತುದಿಯ ಬಳೆ ಬಾಯಿ ಬಿಟ್ಟುಕೊಂಡಿದೆ.

“ಯಜಮಾನ್ರ, ಇದು ಲಾರೀದು ಇದ್ದಂಗೈತಿ. ಗುಜರಿಗೆ ಹಾಕಿಬಿಡ್ಲೇನು?”

ಬೇಡ ಎಂದು ಕೈ ಚಾಚಿದೆ. ತುಕ್ಕು ಅಂಗೈಗೆ ಮೆತ್ತಿಕೊಂಡಿತು. ತುಕ್ಕಿನ ಕೆಳಗೆ ಎಲ್ಲೋ ಹಳೆಯ ಗ್ರೀಸಿನ ವಾಸನೆ ಇನ್ನೂ ಇತ್ತು, ಅಥವಾ ಇದೆ ಎಂದು ನನಗೆ ಅನಿಸಿತು. ಇಷ್ಟು ವರ್ಷಗಳ ಮೇಲೆ ಅದು ಉಳಿದಿರಲು ಸಾಧ್ಯವಿಲ್ಲ. ಆದರೂ ಆ ವಾಸನೆಯ ಹಿಂದೆಯೇ ಶೇಂಗಾ ಸಿಪ್ಪೆಯ ಧೂಳಿನ ವಾಸನೆ ಬಂತು, ಸೀಮೆಎಣ್ಣೆ ಒಲೆಯ ವಾಸನೆ ಬಂತು, ಆಮೇಲೆ ಅಕ್ಕ ಬಂದಳು...

ಒಡಹುಟ್ಟಿದವಳಲ್ಲ. ಪಕ್ಕದ ಖಾಲಿ ಜಾಗದಲ್ಲಿ ಇದ್ದವಳು. ಆದೋನಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ನಾನು ಬಳ್ಳಾರಿಯ ಒಂದು ಕನ್ನಡ ಪತ್ರಿಕೆಗೆ ಅಲ್ಲಿಂದ ಸುದ್ದಿ ಕಳಿಸುತ್ತಿದ್ದೆ. ಹತ್ತಿಯ ಧಾರಣೆ, ಮಿಲ್ಲಿನಲ್ಲಿ ಬೆಂಕಿ, ಹೊಸ ಅಧಿಕಾರಿಯ ಭೇಟಿ, ಇಂಥವು. ಹತ್ತಿ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಕೋಣೆಯ ಪಕ್ಕದಲ್ಲಿ ಒಂದು ಬೇವಿನ ಮರ ಮತ್ತು ಒಂದಿಷ್ಟು ಬಯಲು. ಆ ಬಯಲಿನಲ್ಲಿ ಅವರ ಮನೆ ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಎಂದರೆ ನಿಜವಾಗಿಯೂ ಬಂದು ನಿಲ್ಲುತ್ತಿತ್ತು. ಕೆಲವು ದಿನ ಇದ್ದು ಹೊರಟುಹೋಗುತ್ತಿತ್ತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪಿಕಪ್ ಗಾಡಿ ಅದು. ಮುಂದೆ ಡ್ರೈವರ್ ಮತ್ತು ಇನ್ನೊಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಆ ತೊಟ್ಟಿಯ ಮೇಲೆ ಅಕ್ಕನ ಗಂಡ ಹಲಗೆ ಮತ್ತು ತಗಡಿನಿಂದ ಒಂದು ಕೋಣೆ ಕಟ್ಟಿಸಿದ್ದರು. ಒಳಗೆ ಮಲಗಲು ಹಲಗೆ, ಒಲೆ, ನೀರಿನ ಕೊಡ ಕೂರಿಸಲು ಕೊರೆದ ಗುಂಡಿ. ಹಿಂಬದಿಗೆ ಒಂದು ಬಾಗಿಲು, ಬಾಗಿಲ ಪಕ್ಕದಲ್ಲಿ ಕಬ್ಬಿಣದ ಸರಳಿನ ಕಿಟಕಿ. ಪಿಕಪ್ಪಿನ ಹಿಂದೆ ಎರಡು ಗಾಲಿಯ ಟ್ರೈಲರು. ಟ್ರೈಲರಿನ ನಡುವೆ ಬೋಲ್ಟು ಹಾಕಿ ಕೂರಿಸಿದ ಆಯಿಲ್ ಇಂಜಿನು, ಅದರ ಜೊತೆ ಇಳಿಸಿ ಹತ್ತಿಸಬಹುದಾದ ಶೇಂಗಾ ಸುಲಿಯುವ ಯಂತ್ರ. ಸುಗ್ಗಿ ಬಂತೆಂದರೆ ಕೌತಾಳಂ, ಪತ್ತಿಕೊಂಡ, ನದಿಯ ದಂಡೆಯ ನಾಗಲದಿನ್ನೆ ಎಂದು ಊರೂರು ತಿರುಗಿ ಕಣದಲ್ಲಿ ಯಂತ್ರ ಹೂಡುತ್ತಿದ್ದರು. ಹೊಲವಿಲ್ಲದ ಅವರಿಗೆ ಆ ಇಂಜಿನ್ನೇ ಹೊಲ. ಅದು ನಿಂತರೆ ಒಲೆಯೂ ನಿಲ್ಲುತ್ತಿತ್ತು.

ಅಕ್ಕನ ಗಂಡನನ್ನು ನಾನು ಬಾವ ಎನ್ನುತ್ತಿದ್ದೆ. ಯುದ್ಧದಲ್ಲಿ ಮಿಲಿಟರಿ ಲಾರಿ ನಡೆಸಿ ಬಂದವರು. ಮಾತು ಜಾಸ್ತಿ, ಅದರಲ್ಲಿ ಅರ್ಧ ತಮ್ಮ ಶೌರ್ಯದ್ದು. ಅಕ್ಕ ಕೌತಾಳಂ ಕಡೆಯ ಬಂಡಿ ಹೊಡೆಯುವವರ ಮನೆಯ ಮಗಳು. ತಂದೆ, ಅಣ್ಣಂದಿರು ಎಲ್ಲರೂ ಆದೋನಿಯ ಮಿಲ್ಲುಗಳಿಗೆ ಹತ್ತಿ ಹೇರಿಕೊಂಡು ಬರುತ್ತಿದ್ದವರು. ಹೀಗಾಗಿ ಆ ಮನೆಯಲ್ಲಿ ಎರಡು ಶಾಸ್ತ್ರಗಳಿದ್ದವು, ಎತ್ತಿನದು ಮತ್ತು ಮೋಟಾರಿನದು. ಎರಡೂ ದಿನಕ್ಕೊಮ್ಮೆ ಜಗಳಕ್ಕೆ ಬೀಳುತ್ತಿದ್ದವು.

ಜಗಳದ ಮೂಲ ಭಾರ ಹೇರುವ ರೀತಿ. ನಮ್ಮ ಕಡೆ ಬಂಡಿ ಹೇರುವ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಮುಂಭಾರ ಆಗಬಾರದು. ಮುಂದೆ ಭಾರ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಚೀಲಗಳನ್ನು ಅಚ್ಚಿನ ಮೇಲಿಂದ ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ, ನೊಗ ಕಟ್ಟುವ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ, ಹಗುರವಾಗಿ ಎದ್ದರೆ ಸರಿ ಎನ್ನುತ್ತಾರೆ. ಅದು ದಯೆಯಿಂದ ಹುಟ್ಟಿದ ಲೆಕ್ಕ. ಟ್ರೈಲರಿಗೆ ಬೇಕಾದದ್ದು ಅದರ ತಿರುವುಮುರುವು. ಅದರ ಮೂತಿ ಎಳೆಯುವ ಗಾಡಿಯ ಮೇಲೆ ಒತ್ತಿಕೊಂಡೇ ಇರಬೇಕು. ಹಿಂಭಾರವಾದರೆ ವೇಗ ಬಂದೊಡನೆ ಅದು ಅತ್ತಿತ್ತ ಹೊಯ್ದಾಡಲು ಶುರುಮಾಡುತ್ತದೆ, ಕೊನೆಗೆ ಎಳೆಯುವ ಗಾಡಿಯನ್ನೇ ತಿರುಗಿಸಿ ಕೆಡವುತ್ತದೆ. ಬೆನ್ನ ಮೇಲೆ ಒಂದು ಮನೆಯನ್ನೇ ಹೊತ್ತ ಪಿಕಪ್ಪು ಬೀಳಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಬಾವ ಇದಕ್ಕೊಂದು ಪರೀಕ್ಷೆ ಇಟ್ಟಿದ್ದರು. ಹೊರಡುವ ಮುಂಚೆ ಅಕ್ಕ ಬಂದು ಟ್ರೈಲರಿನ ಮೂತಿಯನ್ನು ಎತ್ತಬೇಕು. ಅವಳಿಂದ ಎತ್ತಲಿಕ್ಕೆ ಆಗದಿದ್ದರೆ ಹೊರಡಬಹುದು. ಎದ್ದುಬಿಟ್ಟರೆ ಭಾರವನ್ನು ಮುಂದಕ್ಕೆ ಸರಿಸಿ ಮತ್ತೆ ಕಟ್ಟಬೇಕು.

“ನಮ್ಮಪ್ಪ ನೋಡಿದ್ರ ಅಳತಾನ,” ಎನ್ನುತ್ತಿದ್ದಳು ಅಕ್ಕ, ಸೆರಗು ಸಿಕ್ಕಿಸಿಕೊಂಡು ಬಾಗುತ್ತಾ. “ಎತ್ತಿನ ಕತ್ತು ಮುರೀತೀರಲ್ರೀ ನೀವು.”

“ಇದಕ್ಕ ಕತ್ತಿಲ್ಲ. ಎತ್ತು ನೋಡೂಣು.”

“ಏಳವಲ್ದು.”

“ಹಂಗಾರ ಹತ್ತು.”

ಭಾರ ಸರಿಯಾದ ಮೇಲೆ ಕೊಂಡಿಗೆ ಪಿನ್ನು. ಪಿನ್ನಿನ ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯುವಂತೆ. ಪಿನ್ನು ಮುರಿದರೂ ಟ್ರೈಲರು ಬೇರೆಯಾಗಿ ಓಡಿಹೋಗಿ ಯಾರ ಮೇಲೂ ನುಗ್ಗಬಾರದು, ಮೂತಿ ನೆಲಕ್ಕೆ ಬೀಳುವ ಮುಂಚೆ ಸರಪಳಿಗಳೇ ತೊಟ್ಟಿಲಿನಂತೆ ಅದನ್ನು ಹಿಡಿಯಬೇಕು. ಸರಪಳಿ ಇದ್ದರೆ ಟ್ರೈಲರು ಎಲ್ಲಿಗೂ ಹೋಗುವುದಿಲ್ಲ ಎಂದು ಬಾವ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಮಾತು ನಿಜವಾಗಿತ್ತು.

ಇನ್ನೊಂದು ತೊಡಕಿತ್ತು. ಆ ಹಲಗೆಯ ಕೋಣೆ ಪಿಕಪ್ಪಿಗಿಂತ ಅಗಲವಾಗಿದ್ದರಿಂದ ಡ್ರೈವರಿನ ಕನ್ನಡಿಯಲ್ಲಿ ಹಿಂದಿನದೇನೂ ಕಾಣುತ್ತಿರಲಿಲ್ಲ. ಟ್ರೈಲರು ನೆಟ್ಟಗೆ ಬರುತ್ತಿದೆಯೋ ಇಲ್ಲವೋ ಬಾವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಅಕ್ಕ. ಗಾಡಿ ನಡೆಯುವಷ್ಟು ಹೊತ್ತೂ ಅವಳು ಹಿಂದಿನ ಕಿಟಕಿಯ ಮುಂದೆ ಮಣೆ ಹಾಕಿ ಕೂತು ಟ್ರೈಲರನ್ನೇ ನೋಡುತ್ತಿದ್ದಳು. ಕೈಯಲ್ಲಿ ಸಂಗಟಿ ಕೋಲು. ಮುದ್ದೆಗೆ ನಮ್ಮ ಕಡೆ ಸಂಗಟಿ ಎನ್ನುತ್ತಾರೆ, ಅದನ್ನು ತಿರುವುವ ಉದ್ದನೆಯ ಕೋಲು. ಕೂತಲ್ಲಿಂದಲೇ ಅದನ್ನು ಹಿಂದಕ್ಕೆ ಚಾಚಿ ಡ್ರೈವರಿನ ಬೆನ್ನ ಕಡೆಯ ಹಲಗೆಗೆ ಬಡಿಯುತ್ತಿದ್ದಳು.

ನಾನು ಇದನ್ನು ಮೊದಲು ಕೇಳಿದ್ದು ಕೌತಾಳಂಗೆ ಅವರ ಗಾಡಿಯಲ್ಲಿ ಹೋದಾಗ. ಬಾವನ ಪಕ್ಕ ಕೂತಿದ್ದೆ. ಊರ ಹೊರಗೆ ಬಂದೊಡನೆ ಬೆನ್ನ ಹಿಂದೆ ಟಕ್ ಎಂದಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಟಕ್.

“ಏನು ಬಾವ ಅದು?”

“ಒಂದು ಬಡಿತ ಅಂದ್ರ ‘ಐತಿ’. ಟ್ರೈಲರು ಐತಿ, ನೆಟ್ಟಗ ಬರಾಕತ್ತೈತಿ ಅಂತ. ಎರಡು ಅಂದ್ರ ಬಾಲ ಆಡಸ್ತೈತಿ ಅಂತ. ಆವಾಗ ಬ್ರೇಕ್ ತುಳೀಬಾರದು, ನೆನಪಿಟ್ಕೊ. ಸುಮ್ಮನ ಎಕ್ಸಿಲೇಟರ್ ಮ್ಯಾಲಿಂದ ಕಾಲು ತೆಗೀಬೇಕು, ಸ್ಟೇರಿಂಗ್ ಅಲುಗಾಡಿಸಬಾರದು. ತಾನ ಹದಕ್ಕ ಬರ್ತೈತಿ. ಒಂದ ಸಮ ಬಡಿದ್ರ ಮೆತ್ತಗ ನಿಲ್ಲಬೇಕು.”

“ಬಡೀದೇ ಇದ್ದರ?”

“ಬಡಿತ ನಿಂತ್ರ ನಾನೂ ನಿಲ್ತೀನಿ,” ಎಂದರು. “ಹಿಂದ ಏನಾಗೈತೋ ಯಾರಿಗೆ ಗೊತ್ತು.”

ಅದೇ ದಿನ ಅದನ್ನೂ ಕಂಡೆ. ದಾರಿಯಲ್ಲಿ ಒಮ್ಮೆ ಬಡಿತ ಬರುವ ಹೊತ್ತು ಮೀರಿತು. ಬಾವ ಕಾಲು ತೆಗೆದರು. ಗಾಡಿ ತಾನಾಗಿ ನಿಧಾನವಾಗಿ ಜಾಲಿಮರದ ಕೆಳಗೆ ನಿಂತಿತು. ಇಳಿದು ಹಿಂದಕ್ಕೆ ಹೋದರು.

“ನಿದ್ದಿ ಮಾಡಿದೇನು?”

“ಇಲ್ರೀ. ನೀವು ಎಚ್ಚರ ಅದೀರೋ ಇಲ್ಲೋ ನೋಡಿದೆ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಇಳಿದು ಹೋಗುವಾಗ ಅವರ ಮುಖ ಹೇಗಿತ್ತು ಎಂಬುದನ್ನು ನಾನು ನೋಡಿದ್ದೆ...

ಓಣಿಯ ಮುದುಕಿಯರಿಗೆ ಈ ಸಂಸಾರ ಹಿಡಿಸುತ್ತಿರಲಿಲ್ಲ. ಮನೆ ಹೊತ್ತ ಗಾಡಿಗೆ ಇನ್ನೊಂದು ಗಾಡಿ ಕಟ್ಟಬಾರದು, ಒಂದು ದಿನ ಯಾವುದಾದರೂ ಒಂದನ್ನು ಕೇಳುತ್ತದೆ ಎನ್ನುತ್ತಿದ್ದರು. ಅಕ್ಕ ಅವರ ಎದುರಿಗೇ ನಗುತ್ತಿದ್ದಳು. ನನ್ನ ಹತ್ತಿರ ಒಮ್ಮೆ ಬೇರೆ ರೀತಿ ಹೇಳಿದಳು. ಬೇವಿನ ಕೆಳಗೆ ಜೋಳ ಕೇರುತ್ತಿದ್ದಳು, ನಾನು ಪತ್ರಿಕೆಗೆ ಏನೋ ಬರೆಯುತ್ತಿದ್ದೆ.

“ತಮ್ಮಾ, ನಾ ಇಷ್ಟು ಊರು ತಿರುಗೀನಿ, ಒಂದೂರೂ ಬರೋದು ನೋಡಿಲ್ಲ. ಹೋಗೋದಷ್ಟ ನೋಡೀನಿ. ಎಲ್ಲಾ ಊರೂ ನನಗ ಬೆನ್ನು ತಿರುಗಿಸಿ ಸಣ್ಣಾಗಿ ಹೋಗಿಬಿಡ್ತಾವ.”

ಅದು ದೂರಾಗಿರಲಿಲ್ಲ. ಮೊರದಲ್ಲಿದ್ದ ಕಲ್ಲು ಆರಿಸಿ ಎಸೆದು ಮತ್ತೆ ಕೇರತೊಡಗಿದಳು.

ನಾಗಲದಿನ್ನೆಗೆ ನಾವು ಹೋದದ್ದು ಸುಗ್ಗಿಯ ಕೊನೆಯಲ್ಲಿ. ಹಿಂಗಾರು ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಹಿಡಿದುಕೊಂಡಿತ್ತು. ತುಂಗಭದ್ರೆ ಏರುತ್ತಿದ್ದಾಳೆ ಎಂದು ಸುದ್ದಿ ಬಂದಿತ್ತು. ಅದನ್ನು ನೋಡಿ ಬರೆಯಲು ನಾನು ಹೊರಟಿದ್ದೆ. ಅವರಿಗೆ ಅಲ್ಲಿ ಕೆಲಸವಿತ್ತು. ಕಣದಲ್ಲಿ ರಾಶಿ ಹಾಕಿದ ಶೇಂಗಾ ನೆನೆದರೆ ಮೊಳಕೆಯೊಡೆಯುತ್ತದೆ, ಬೇಗ ಬನ್ನಿ ಎಂದು ಊರವರು ಹೇಳಿಕಳಿಸಿದ್ದರು. ಬಾವನಿಗೆ ಆಗಲೇ ಚಳಿಜ್ವರ ಬಂದು ಹೋಗಿ ಮಾಡುತ್ತಿತ್ತು. ಅಕ್ಕ ಬೇಡವೆಂದಳು. ರಾಶಿ ಕಾಯುವುದಿಲ್ಲ ಎಂದು ಅವರು ಹೊರಟರು.

ಸುಲಿಯುವ ಕೆಲಸ ಮರುದಿನ ನಡುಹಗಲಿಗೆ ಮುಗಿಯಿತು. ಅಷ್ಟರಲ್ಲಿ ನದಿಯ ಆಚೆಗಿನ ಆಕಾಶ ಎರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ನೀರು ನೋಡಲು ದಂಡೆಗೆ ಹೋಗಿದ್ದೆ. ದೋಣಿಯವರು ದೋಣಿಗಳನ್ನು ಮೇಲಕ್ಕೆ ಎಳೆದು ಮರಕ್ಕೆ ಕಟ್ಟುತ್ತಿದ್ದರು. ನೀರು ಸದ್ದಿಲ್ಲದೆ ಏರುತ್ತಿತ್ತು. ಕಣಕ್ಕೆ ಮರಳಿದಾಗ ಹನಿ ಬೀಳತೊಡಗಿತ್ತು, ಟ್ರೈಲರು ಹೇರಿ ಕಟ್ಟಿ ಆಗಿತ್ತು, ಅದರ ಮೇಲೆ ಟಾರ್ಪಾಲು ಹೊದಿಸಿತ್ತು. ಬಾವ ಹೊದ್ದುಕೊಂಡೇ ಪಿಕಪ್ಪಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದರು. ಅಕ್ಕ ಒಳಗೆ ಪಾತ್ರೆಗಳು ಉರುಳದಂತೆ ಬಿಗಿದು ಕಟ್ಟುತ್ತಿದ್ದಳು, ಸದ್ದು ಕೇಳುತ್ತಿತ್ತು.

ಇಂಜಿನು ಹತ್ತಿಕೊಂಡಿತು. ಬಾವ ತಲೆಯೆತ್ತದೆ ಕೇಳಿದರು, “ಭಾರ ಸರಿ ಐತೇನ್ರಪ್ಪಾ?”

“ಸರಿ ಐತಣ್ಣಾ,” ಎಂದರು ಹಿಂದೆ ಇದ್ದವರು. ಒಬ್ಬ ತೆಲುಗಿನಲ್ಲಿ ಸೇರಿಸಿದ, “ಏಂ ಭಯಂ ಲೇದನ್ನಾ, ಮೀರು ಪೋಂಡಿ.” ಭಯ ಏನಿಲ್ಲಣ್ಣ, ನೀವು ಹೊರಡಿ.

ಸರಿ ಎನ್ನುವುದು ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಮಾತು. ಎತ್ತಿಗೂ ಮೋಟಾರಿಗೂ ಅದು ಒಂದೇ ಅಲ್ಲ. ಆ ದಿನ ಅಕ್ಕನನ್ನು ಕರೆದು ಮೂತಿ ಎತ್ತಿಸಲಿಲ್ಲ. ಮಳೆ ಬರುತ್ತಿತ್ತು, ಮೈಯಲ್ಲಿ ಜ್ವರ ಇತ್ತು, ಊರಿನ ಅಷ್ಟು ಜನ ಸರಿ ಎಂದಿದ್ದರು.

ನಾಗಲದಿನ್ನೆಯಿಂದ ಹೊರಬೀಳುವ ದಾರಿ ಆಗ ಸ್ವಲ್ಪ ದೂರ ನದಿಯ ಏರಿಯ ಮೇಲೆಯೇ ಹೋಗುತ್ತಿತ್ತು. ಮಣ್ಣಿನ ದಾರಿ, ಒಂದು ಬಂಡಿಯ ಅಗಲ. ಮೊದಲು ಏರು, ಆಮೇಲೆ ಉದ್ದನೆಯ ಇಳಿಜಾರು. ಏರಿನಲ್ಲಿ ಒಂದು ಬಡಿತ ಬಂತು. ಬಾವ ತಲೆಯಾಡಿಸಿದರು. ಇಳಿಜಾರು ಶುರುವಾಗಿ ಗಾಡಿಗೆ ವೇಗ ಬಂದಾಗ ಎರಡು ಬಡಿತ. ಅವರು ಕಾಲು ತೆಗೆದರು. ಮತ್ತೆ ಎರಡು. ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಅತ್ತ ಇತ್ತ ತಳ್ಳುತ್ತಿರುವಂತೆ ನನಗೂ ತಿಳಿಯಿತು. ಸ್ಟೇರಿಂಗ್ ಹಿಡಿದ ಅವರ ಕೈ ಅಲುಗಲಿಲ್ಲ, ಬ್ರೇಕಿನ ಮೇಲೆ ಕಾಲು ಹೋಗಲಿಲ್ಲ. ಕಲಿತದ್ದನ್ನೆಲ್ಲ ಅವರು ಮಾಡಿದರು. “ಇದು ಹದಕ್ಕ ಬರವಲ್ದು,” ಎಂದರು ಮೆಲ್ಲಗೆ. ಬೆನ್ನ ಹಿಂದೆ ಬಡಿತ ಒಂದೇ ಸಮನೆ ಶುರುವಾಯಿತು.

ಆಮೇಲೆ ಕಬ್ಬಿಣ ಮುರಿದ ಸದ್ದು. ಗಾಡಿ ಓರೆಯಾಗಿ ಜಾರಿ ನಿಂತಿತು.

ಇಳಿದು ನೋಡಿದೆ. ಕೊಂಡಿಯ ಪಿನ್ನು ಮುರಿದಿತ್ತು. ಟ್ರೈಲರು ಏರಿಯಿಂದ ನದಿಯ ಕಡೆಗೆ ಹೊರಳಿ ಇಳಿಜಾರಿನಲ್ಲಿ ತೂಗುತ್ತಿತ್ತು. ಅದರ ಇಡೀ ಭಾರವನ್ನು ಎರಡು ಸರಪಳಿ ಹಿಡಿದಿದ್ದವು. ಸರಪಳಿಯ ಈ ತುದಿಯಲ್ಲಿ ಪಿಕಪ್ಪು. ಅದರ ಹಿಂದಿನ ಗಾಲಿಗಳು ಏರಿಯ ಅಂಚಿನಲ್ಲಿ ಹಸಿ ಎರೆಮಣ್ಣಿನೊಳಗೆ ಇಷ್ಟಿಷ್ಟೇ ಜಾರುತ್ತಿದ್ದವು. ಬಾವನ ಕಾಲು ಬ್ರೇಕಿನ ಮೇಲಿತ್ತು, ಅದನ್ನು ತೆಗೆಯುವಂತಿರಲಿಲ್ಲ. ನಾನು ಕಲ್ಲು ತಂದು ಗಾಲಿಗೆ ಕೊಟ್ಟೆ. ಮಣ್ಣು ಕಲ್ಲನ್ನು ನುಂಗಿತು.

ಅಕ್ಕ ಹಿಂದಿನ ಬಾಗಿಲಿನಿಂದ ಇಳಿದಳು. ಒಮ್ಮೆ ಸರಪಳಿ ನೋಡಿದಳು, ಒಮ್ಮೆ ನೀರು ನೋಡಿದಳು. ಒಳಗೆ ಹೋಗಿ ಕಬ್ಬಿಣದ ಹಾರೆ ತಂದಳು.

ಬಾವನಿಗೆ ಹಿಂದಿನದು ಕಾಣುತ್ತಿರಲಿಲ್ಲ. ಹಾರೆಯ ಸದ್ದು ಕೇಳಿ ತಿಳಿದುಕೊಂಡರು. “ಸರಪಳಿಗೆ ಕೈ ಹಚ್ಚಬ್ಯಾಡ. ಊರಾಗಿಂದ ಎತ್ತು ತರಿಸೂಣು.”

“ಎತ್ತು ಬರೂತನ ನೀವು ಇರ್ತೀರಿ, ಮಣ್ಣು ಇರಾಂಗಿಲ್ಲ.”

“ಇಂಜಿನ್ ಹೋದ್ರ ಏನ್ ತಿಂತಿ?”

“ಅದನ್ನ ಆಮ್ಯಾಲ ಜಗಳಾಡೂಣು. ಬ್ರೇಕ್ ಬಿಡಬ್ಯಾಡ್ರಿ.”

ಮೊದಲನೆಯ ಕೊಕ್ಕೆಗೆ ಹಾರೆ ಕೊಟ್ಟು ಮೀಟಿದಳು. ನಾನೂ ಹಿಡಿದೆ. ಕೊಕ್ಕೆ ಕಳಚಿ ಆ ಸರಪಳಿ ಕೆಳಗೆ ಹಾರಿಹೋಯಿತು. ಪಿಕಪ್ಪು ಒಂದು ಮೊಳ ಹಿಂದಕ್ಕೆ ಜಾರಿತು. ಈಗ ಎಲ್ಲ ಭಾರವೂ ಎರಡನೆಯದರ ಮೇಲೆ. ನನ್ನನ್ನು ಆಚೆ ಸರಿಯಲು ಕೈಸನ್ನೆ ಮಾಡಿ ಅವಳು ಅದರ ಕೊಕ್ಕೆಗೆ ಬಾಗಿದಳು. ಹಾರೆ ತಾಗುವ ಮುಂಚೆಯೇ ಸರಪಳಿ ನಡುವೆ ಹರಿಯಿತು. ಕೆಳಗಿನ ಭಾಗ ಟ್ರೈಲರಿನ ಜೊತೆ ಹೋಯಿತು. ಮೇಲಿನ ಭಾಗ ಕೊಕ್ಕೆಯ ಸುತ್ತ ಚಾಟಿಯಂತೆ ತಿರುಗಿ ಅವಳ ಪಕ್ಕೆಗೆ ಬಿತ್ತು. ಅವಳು ಕೂತುಬಿಟ್ಟಳು. ಟ್ರೈಲರು ಉರುಳಿ, ಇಂಜಿನು ಮೇಲೆ ಕೆಳಗಾಗಿ, ನೀರಿಗೆ ಬಿದ್ದ ಸದ್ದು ಆಮೇಲೆ ಬಂತು.

ಬಾವ ಗಾಡಿಯನ್ನು ಏರಿಯ ನಡುವಿಗೆ ತಂದು ನಿಲ್ಲಿಸಿ ಓಡಿ ಬಂದರು. ಅಷ್ಟರಲ್ಲಿ ಅಕ್ಕ ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದಳು. ನೀರಿನಲ್ಲಿ ಟಾರ್ಪಾಲಿನ ಒಂದು ಮೂಲೆ ಕಾಣುತ್ತಿತ್ತು, ಅದೂ ಮುಳುಗಿತು.

“ಈಗ ನೋಡ್ರಿ,” ಎಂದಳು ಅಕ್ಕ, “ಮುಂಭಾರಾನೂ ಇಲ್ಲ, ಹಿಂಭಾರಾನೂ ಇಲ್ಲ.”

ಬಾವ ನಗಲಿಲ್ಲ.

ಊರವರು ಓಡಿ ಬಂದರು. ಅವರಲ್ಲಿ ಬಂಡಿ ಹೊಡೆಯುವ ಒಬ್ಬ ಮುದುಕ ಇದ್ದ. ಏದುಸಿರು ಬಿಡುತ್ತಾ ನನ್ನ ಪಕ್ಕ ನಿಂತು ಹೇಳಿದ, “ಪೇಪರ್ ಸಾರ್, ಮನಿ ಗಾಡಿ ಹಿಂದುಗಡೆ ಬಾಳ ಕುಗ್ಗಿತ್ರಿ. ಪಾಪ, ಅದಕ್ಯಾಕ ಅಷ್ಟು ಭಾರ ಅಂತ ಮಿಷನ್ನು, ಚೀಲ ಎಲ್ಲಾ ಟ್ರೈಲರಿನ ಹಿಂದಕ್ಕ ಸರಿಸಿ ಕಟ್ಟಿದ್ವಿ. ಅದರ ಮೂಕಿ ಹೂವಿನಂಗ ಎದ್ದಿತ್ರಿ. ತಪ್ಪಾತೇನ್ರಿ?” ನಾನು ಬಾವನ ಕಡೆ ನೋಡಿದೆ. ಅವರು ಅದನ್ನು ಕೇಳಿಸಿಕೊಂಡಿದ್ದರು. ಮುದುಕ ಮಾಡಿದ್ದು ಅಕ್ಕನ ತಂದೆ ಮಾಡುತ್ತಿದ್ದದ್ದೇ.

ಪೆಟ್ಟು ಎಲ್ಲಿ ಎಂದು ಬಾವ ಕೇಳಿದರು. ಪಕ್ಕೆಯ ಮೇಲೆ ಕೆಂಪಗೆ ಒಂದು ಪಟ್ಟೆ ಎದ್ದಿದೆ, ಅಷ್ಟೇ ಎಂದಳು. ಮುಂದೆ ಬಂದು ಕೂರು ಎಂದರು. ನಾನು ಹಿಂದೆ ಕೂರುವುದಾಗಿ ಹೇಳಿದೆ.

“ನೀ ಹಿಂದ ಕುಂತ್ರ ನಿನಗ ಬಡಿಯಾಕ ಬರಾಂಗಿಲ್ಲ ತಮ್ಮಾ,” ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. “ನನಗ ಒಂದಿಷ್ಟು ಅಡ್ಡಾಗಬೇಕು. ಅಲ್ಲೇ ಇರ್ತೀನಿ.”

ಮಳೆ ಹಿಡಿಯಿತು. ಟ್ರೈಲರಿಲ್ಲದ ಪಿಕಪ್ಪು ಹಗುರವಾಗಿ ಓಡುತ್ತಿತ್ತು. ಸ್ವಲ್ಪ ದೂರ ಬಂದ ಮೇಲೆ ಬೆನ್ನ ಹಿಂದೆ ಟಕ್ ಎಂದಿತು.

ಬಾವ ನನ್ನ ಕಡೆ ನೋಡಿದರು. “ಹಿಂದ ಏನೈತಿ ಅಂತ ಬಡೀತಾಳ ಇವಳು,” ಎಂದರು. ಆದರೆ ಆ ಸದ್ದು ಕೇಳಿದ ಮೇಲೆ ಅವರ ಭುಜ ಇಳಿಯಿತು.

ಎಮ್ಮಿಗನೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಲೋಟವನ್ನು ಕಿಟಕಿಯ ಸರಳಿನ ಒಳಗೆ ಕೊಟ್ಟೆ. ಅವಳ ಮುಖ ಬಿಳಿಚಿತ್ತು, ಮೇಲ್ದುಟಿಯ ಮೇಲೆ ಬೆವರಿತ್ತು. ಡಾಕ್ಟರಿಗೆ ತೋರಿಸೋಣ ಎಂದರು ಬಾವ. ಜ್ವರದವರು ನೀವು, ನನಗೆ ಯಾವ ಡಾಕ್ಟರು, ಮನೆ ಮುಟ್ಟಿದ ಮೇಲೆ ಬಿಸಿನೀರು ಕಾಸಿ ಶಾಖ ಕೊಟ್ಟರೆ ಹೋಗುತ್ತದೆ ಎಂದಳು. ನಿಂತಿದ್ದ ಗಾಡಿಯೇ ಮನೆ ಎಂಬುದು ಅವಳಿಗೂ ನೆನಪಿರಲಿಲ್ಲವೇನೋ... ಅವಳು ಹೇಳಿದ್ದು ಬೇವಿನ ಮರದ ಕೆಳಗಿನ ಆ ಬಯಲನ್ನು. ಚಹಾ ಅರ್ಧ ಕುಡಿದು ಲೋಟ ವಾಪಸು ಕೊಟ್ಟಳು.

ಅಲ್ಲಿಂದ ಮುಂದೆಯೂ ಬಡಿತ ಬರುತ್ತಿತ್ತು. ಒಂದು. ಸ್ವಲ್ಪ ದೂರ. ಒಂದು. ನಾವಿಬ್ಬರೂ ಅದನ್ನೇ ಕೇಳುತ್ತಾ ಕೂತಿದ್ದೆವು. ಮಳೆ ತೆಳುವಾಯಿತು, ಸಂಜೆಯ ಬೆಳಕಿನಲ್ಲಿ ಆದೋನಿಯ ಗುಡ್ಡಗಳು ಕಾಣತೊಡಗಿದವು. ಅಲ್ಲೆಲ್ಲೋ ಬಡಿತ ನಿಂತಿತು.

ಬಾವ ಕಾಲು ತೆಗೆದರು. ಅಭ್ಯಾಸ. ಗಾಡಿ ನಿಧಾನವಾಯಿತು. ಅವರು ತಲೆ ಸ್ವಲ್ಪ ಓರೆ ಮಾಡಿ ಕಾದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು:

“ಟ್ರೈಲರ ಇಲ್ಲಲ್ಲ. ಮಲಗ್ಯಾಳ.”

ಮತ್ತೆ ತುಳಿದರು. ಗಾಡಿ ಗುಡ್ಡಗಳ ಕಡೆಗೆ ಓಡಿತು. ನಾನು ತಿರುಗಿ ಹಲಗೆಯನ್ನು ನೋಡಿದೆ, ಹಲಗೆಯ ಮೇಲೆ ನೋಡುವುದೇನೂ ಇರಲಿಲ್ಲ.

ಬೇವಿನ ಕೆಳಗೆ ನಿಲ್ಲಿಸಿ ಅವರು ಹಿಂದಿನ ಬಾಗಿಲು ತೆರೆದರು. ಅಕ್ಕ ಕಿಟಕಿಯ ಪಕ್ಕದ ಮಣೆಯಲ್ಲೇ ಇದ್ದಳು, ತಲೆ ಸರಳಿಗೆ ಆನಿಸಿಕೊಂಡು. ಕೋಲು ಮಡಿಲಲ್ಲಿತ್ತು. ಬಾವ ಬಹಳ ಹೊತ್ತು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು, ಒಳಗೆ ಹೋಗಲಿಲ್ಲ. ಪೆಟ್ಟು ಒಳಗೆ ಬಿದ್ದಿದೆ, ರಕ್ತ ಒಳಗೇ ಹೋಗಿದೆ ಎಂದು ಆಮೇಲೆ ಬಂದ ವೈದ್ಯರು ಹೇಳಿದರು. ಬಡಿತ ನಿಂತಾಗಲೇ ನಿಲ್ಲಿಸಿದ್ದರೆ ಉಳಿಯುತ್ತಿದ್ದಳೇ ಎಂದು ಬಾವ ಕೇಳಿದರು. ವೈದ್ಯರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಯಾವ ಬಡಿತ ಎಂದು ಕೇಳಿದರು.

ಆ ವಾರ ನಾನು ಕಳಿಸಿದ ಸುದ್ದಿ ಒಳಪುಟದಲ್ಲಿ ಬಂತು. ನದಿಯ ನೀರು ಏರಿದ್ದು, ಟ್ರೈಲರೊಂದು ನದಿಗೆ ಉರುಳಿದ್ದು, ಗಾಯಗೊಂಡ ಹೆಂಗಸು ಊರು ಸೇರುವ ಮುನ್ನ ತೀರಿಕೊಂಡದ್ದು. ಎಲ್ಲವೂ ನಡೆದ ಹಾಗೆಯೇ ಇತ್ತು. ಬಡಿತದ ವಿಷಯ ಇರಲಿಲ್ಲ. ಅದನ್ನು ಸುದ್ದಿಯಾಗಿ ಬರೆಯುವ ಬಗೆ ನನಗೆ ತಿಳಿದಿರಲಿಲ್ಲ.

ಕೆಲವು ದಿನಗಳ ಮೇಲೆ ಬಾವ ಪಿಕಪ್ಪನ್ನು ಯಾರಿಗೋ ಒಪ್ಪಿಸಿಬಿಟ್ಟರು. ಹೊರಡುವ ಮುಂಚೆ ನನ್ನ ಬಾಗಿಲಿಗೆ ಬಂದರು. ಗೋಣಿತಟ್ಟಿನಲ್ಲಿ ಸುತ್ತಿದ್ದ ಸರಪಳಿಯ ತುಂಡನ್ನು ಹೊಸ್ತಿಲ ಮೇಲೆ ಇಟ್ಟರು. “ಇಟ್ಕೊ. ಇದು ಹರೀತು, ಅದಕ್ಕ ನಾ ಅದೀನಿ. ಇದು ಹರೀತು, ಅದಕ್ಕ ಆಕಿ ಇಲ್ಲ. ನಾ ಹ್ಯಾಂಗ ಇಟ್ಕೊಳ್ಲಿ ಹೇಳು.” ಮತ್ತೆ ಅವರನ್ನು ನೋಡಲಿಲ್ಲ. ಪತ್ತಿಕೊಂಡದ ಸಂತೆಯಲ್ಲಿ ಅವರು ಬಂಡಿ ಹೊಡೆಯುತ್ತಿದ್ದಾರೆ, ಮೋಟಾರನ್ನು ಮುಟ್ಟುವುದಿಲ್ಲ, ಹೇರುವಾಗ ಒಂದು ಚೀಲವೂ ಮುಂದೆ ಬೀಳದಂತೆ ನೋಡಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಅವರೇ ಹೌದೋ ಅಲ್ಲವೋ... ಹೋಗಿ ನೋಡಬೇಕೆಂದುಕೊಂಡೆ. ಹೋಗಲಿಲ್ಲ.

ಮನೆ ಕಟ್ಟಿದಾಗ ಸರಪಳಿಯನ್ನು ಗೇಟಿಗೆ ಸುತ್ತಿದೆ. ಗಾಳಿ ಬಂದರೆ ಅದರ ಕೊಕ್ಕೆ ಗೇಟಿನ ತಗಡಿಗೆ ಒಮ್ಮೆ ತಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಮನೆಯವರಿಗೆ ಅದು ಕಿರಿಕಿರಿ. ನನಗೆ ಅದು ಕೇಳುತ್ತಿದ್ದರೇ ಓದಲು, ಬರೆಯಲು ಆಗುತ್ತಿತ್ತು.

ಹೊಸ ಗೇಟು ಚೆನ್ನಾಗಿದೆ. ವೆಲ್ಡಿಂಗಿನವನು ಕೆಲಸ ಬಲ್ಲವನು. ತೆರೆದರೂ ಮುಚ್ಚಿದರೂ ಒಂದು ಚೂರೂ ಸದ್ದಾಗುವುದಿಲ್ಲ. ಸರಪಳಿಯನ್ನು ಒಳಗೆ ಕಪಾಟಿನಲ್ಲಿ ಇಟ್ಟಿದ್ದೇನೆ. ನಿನ್ನೆ ಸಂಜೆ ಗಾಳಿ ಎದ್ದಿತ್ತು. ಪುಸ್ತಕ ಹಿಡಿದು ಕೂತಿದ್ದವನು ಯಾಕೆಂದು ತಿಳಿಯದೆ ಓದುವುದನ್ನು ನಿಲ್ಲಿಸಿದೆ, ತಲೆ ಸ್ವಲ್ಪ ಓರೆ ಮಾಡಿ ಕಾದೆ. ಏನೂ ಕೇಳಲಿಲ್ಲ. ಗೇಟು ತನ್ನ ಜಾಗದಲ್ಲೇ ಇದೆ, ಅಲ್ಲಿ ಸದ್ದು ಮಾಡುವಂಥದ್ದು ಈಗ ಏನೂ ಇಲ್ಲ ಎಂದು ಗೊತ್ತಿತ್ತು.

ಆದರೂ ಎದ್ದು ಹೋಗಿ ನೋಡಿಬಂದೆ.